ಪತ್ತೇದಾರಿ ಕಥೆ ಓದಿದರೆ ಹಾಳಾಗುತ್ತೇವೆಯೇ?

ಲೈಬ್ರರಿಯಲ್ಲಿ ಪತ್ತೇದಾರಿ ಕಾದಂಬರಿ ಹಿಡಿದು ಕುಳಿತರೆ "ಪರೀಕ್ಷೆ ಹತ್ತಿರ ಬಂತು, ಇದೆಲ್ಲ ಟೈಂಪಾಸ್" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದರಲ್ಲೂ ಒಂದು ಬಗೆಯ ಕಥೆಯ ಪರವಾಗಿ ವಾದ ಮಾಡಲು ನಾನು ಸಿದ್ಧ.

ಒಂದು ಮನೆಯೋ ರೈಲೋ ದ್ವೀಪವೋ ಇರುತ್ತದೆ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ಒಂದು ಕೊಲೆಯಾಗುತ್ತದೆ. ಕೊಲೆಗಾರ ಅಲ್ಲಿರುವ ಹತ್ತು ಹನ್ನೆರಡು ಜನರ ನಡುವೆಯೇ ಇದ್ದಾನೆ. ಅಗಾಥಾ ಕ್ರಿಸ್ಟಿ 1934ರಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ರೈಲಿನಲ್ಲಿ, 1939ರಲ್ಲಿ ಒಂದು ದ್ವೀಪದಲ್ಲಿ ಇಂಥ ಕಥೆ ಹೆಣೆದರು. ದ್ವೀಪದ ಕಥೆ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ಮಲ್ಪೆಯ ಸೈಂಟ್ ಮೇರೀಸ್. ಮಳೆಗಾಲದಲ್ಲಿ ಬೋಟ್ ನಿಂತ ಮೇಲೆ ಅಲ್ಲಿ ಹತ್ತು ಜನ ಉಳಿದುಬಿಟ್ಟರೆ? ನಮ್ಮಲ್ಲಿ ಯಾರಾದರೂ ಬರೆಯಬೇಕು. ಕನ್ನಡದಲ್ಲಿ ಇದಕ್ಕೆ ಹತ್ತಿರವಾದದ್ದು ಸುನೀಲ್ ಕುಮಾರ್ ದೇಸಾಯಿಯವರ 'ತರ್ಕ' ಸಿನಿಮಾ. ಕ್ರಿಸ್ಟಿಯವರದೇ 1958ರ ನಾಟಕದಿಂದ ಬಂದ ಕಥೆ, ಶಂಕರ್‌ನಾಗ್ ಇದ್ದಾರೆ, ಒಂದೂ ಹಾಡಿಲ್ಲ. ದೇಸಾಯಿ 1993ರ 'ನಿಷ್ಕರ್ಷ'ವನ್ನು ಮಣಿಪಾಲದಲ್ಲೇ ಚಿತ್ರೀಕರಿಸಿದರು. ಆದರೆ ಅದು ಬ್ಯಾಂಕ್ ದರೋಡೆಯ ಕಥೆ, ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಇಂಥ ಕಥೆಯಲ್ಲಿ ನನಗೆ ಇಷ್ಟವಾಗುವುದು ಅನುಮಾನದ ಹಂಚಿಕೆ. ಡಾಕ್ಟರ್, ಜಡ್ಜ್, ಅಡುಗೆಯವಳು, ಎಲ್ಲರಿಗೂ ಒಂದೇ ಪ್ರಶ್ನೆ: ಆ ಹೊತ್ತಿಗೆ ನೀವು ಎಲ್ಲಿದ್ದಿರಿ? ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದರೆ ಪ್ರತಿ ಎಂಟ್ರಿಯನ್ನೂ ನೋಡಬೇಕು. ಮುಖ ನೋಡಿ ಒಂದು ಅಕೌಂಟನ್ನು ಮಾತ್ರ ಹಿಡಿಯಲಾಗುವುದಿಲ್ಲ.

1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮ ಬರೆದರು. ಅದರಲ್ಲೊಂದು, ಕಥೆಯಲ್ಲಿ ಚೀನಾದವನು ಬರಬಾರದು ಎಂದು. ಓದಿದಾಗ ವಿಚಿತ್ರ ಅನಿಸಿತು. ಆಗಿನ ಅಗ್ಗದ ಕಥೆಗಳಲ್ಲಿ ಚೀನಾದವನು ಬಂದನೆಂದರೆ ಅವನೇ ಖಳನಾಯಕ, ಮತ್ತೆ ಪತ್ತೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಈಗಿನ ಸಿನಿಮಾಗಳಲ್ಲಿ ಅವನ ಜಾಗಕ್ಕೆ ಯಾವ ಹೆಸರಿನವರು ಬಂದಿದ್ದಾರೆ ಎಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಕಳೆದ ವರ್ಷ ಕಾರ್ಕಳದ ಬಸ್ಸಿನಲ್ಲಿ ಒಬ್ಬರ ಪರ್ಸ್ ಕಾಣೆಯಾಯಿತು. ಬಸ್ ಎಲ್ಲೂ ನಿಂತಿರಲಿಲ್ಲ. ಅಂದರೆ ಕದ್ದವರು ಒಳಗೇ ಇರಬೇಕು, ಥೇಟ್ ಕ್ರಿಸ್ಟಿ ಕಥೆ. ಆದರೆ ನಲವತ್ತು ಜನರಲ್ಲಿ ಚೀಲ ಬಿಚ್ಚಿಸಿದ್ದು ಒಬ್ಬನದು ಮಾತ್ರ, ಬಾಗಿಲ ಬಳಿ ನಿಂತಿದ್ದ, ಕನ್ನಡ ಬಾರದ ಕೂಲಿ ಹುಡುಗನದು. ಒಂದು ಲುಂಗಿ, ಒಂದು ಟಿಫಿನ್ ಡಬ್ಬಿ ಇತ್ತು. ಪರ್ಸ್ ಇರಲಿಲ್ಲ. ಆಮೇಲೆ ಉಳಿದವರ ಚೀಲವನ್ನು ಯಾರೂ ಕೇಳಲಿಲ್ಲ, ನನ್ನದನ್ನೂ ಕೇಳಲಿಲ್ಲ. ಹುಡುಗ ಮುಂದಿನ ಸ್ಟಾಪಿನಲ್ಲಿ ಇಳಿದುಹೋದ.

ಆ ಬಸ್ಸಿನಲ್ಲಿದ್ದವರು ನಾಲ್ಕು ಪತ್ತೇದಾರಿ ಪುಸ್ತಕ ಓದಿದ್ದರೆ ಕಡೇಪಕ್ಷ ಎಲ್ಲರ ಚೀಲ ನೋಡುತ್ತಿದ್ದರು ಎಂದು ನನ್ನ ವಾದ. ನಾನಾಜಾನ್ ಇಂದಿಗೂ ಇಬ್ನೆ ಸಫಿಯವರ 'ಜಾಸೂಸಿ ದುನಿಯಾ' ಓದುತ್ತಾರೆ. 1952ರಲ್ಲಿ ಅಲಹಾಬಾದಿನಲ್ಲಿ ಶುರುವಾದ ಮಾಲೆ ಅದು. ಅವರೇನೂ ಹಾಳಾಗಿಲ್ಲ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದಾನೆ. ಮುಂದಿನ ಸಲ ಲೈಬ್ರರಿಗೆ ಪುಸ್ತಕ ತರಿಸುವಾಗ ಇವರನ್ನೂ ಕ್ರಿಸ್ಟಿಯವರನ್ನೂ ಸೇರಿಸಬೇಕೆಂದು ಕೋರುತ್ತೇನೆ. ಮೊದಲ ಪುಟದಲ್ಲೇ ಪೆನ್ಸಿಲಿನಿಂದ ಕೊಲೆಗಾರನ ಹೆಸರು ಬರೆದಿಡುವವರಿಗೆ ಮಾತ್ರ ದಂಡ ಹಾಕಿ.