ಸೈಕಲ್ಲಿಗೂ ಬೇಕು ಕಾಡಿನ ಕಟ್ಟುಪಾಡು

ಹೊಗೆಯುಗುಳದ, ಸದ್ದು ಮಾಡದ ವಾಹನ ಎಂಬ ಕಾರಣಕ್ಕೆ ಸೈಕಲ್ಲಿಗೆ ಅರಣ್ಯ ಪ್ರದೇಶಗಳಲ್ಲಿ ಮುಕ್ತ ಪ್ರವೇಶವಿರಬೇಕೆಂಬ ವಾದ ಆಗಾಗ ಕೇಳಿಬರುತ್ತದೆ. ಸೈಕಲ್ ಬಗ್ಗೆ ನನಗೂ ಮಮತೆಯಿದೆ. ಆದರೆ ಈ ವಾದವನ್ನು ಒಪ್ಪಲಾರೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ವ್ಯವಸ್ಥೆಯನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ.

1885ರಷ್ಟು ಹಿಂದಿನ ಆ ಉದ್ಯಾನದ 125ನೇ ವರ್ಷದ ನೆನಪಿಗೆ 2010ರಲ್ಲಿ ‘ಲೆಗಸಿ ಟ್ರೈಲ್’ ತೆರೆಯಲಾಯಿತು. ಕ್ಯಾನ್ಮೋರ್‌ನಿಂದ ಬ್ಯಾನ್ಫ್ ಪಟ್ಟಣಕ್ಕೆ ಈ ಹಾದಿಯಲ್ಲಿ ಸುಮಾರು 22 ಕಿ.ಮೀ. ನಡೆಯುವವರು, ಸೈಕಲ್ ತುಳಿಯುವವರು, ಮಕ್ಕಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡವರು, ಎಲ್ಲರಿಗೂ ಅದೊಂದೇ ಹಾದಿ. ಅದು ಬಹುಮಟ್ಟಿಗೆ ಸಾಗುವುದು ಹೆದ್ದಾರಿಯ ಮಗ್ಗುಲಲ್ಲೇ. ಲಾರಿಗಳ ಅಬ್ಬರದ ನಡುವೆ ಎಂಥ ವಿಹಾರ ಎಂದು ಮೂಗು ಮುರಿಯಬಹುದು. ನನಗಂತೂ ಅದರ ವಿವೇಕವಿರುವುದೇ ಅಲ್ಲಿ: ವಿಹಾರದ ಹೆಸರಿನಲ್ಲಿ ಕಾಡಿನ ಎದೆಯನ್ನು ಮತ್ತೊಮ್ಮೆ ಸೀಳಲಿಲ್ಲ. ವನ್ಯಮೃಗಗಳನ್ನು ಹೆದ್ದಾರಿಯಿಂದ ದೂರವಿಡುವ ಬೇಲಿಯನ್ನು ಹಾದಿ ದಾಟುವಲ್ಲಿ ವಿದ್ಯುತ್ ಹರಿಯುವ ಹಾಸು ಇದೆ. ಸೈಕಲ್ ಸವಾರರು ಇಳಿಯದೆ ಅದನ್ನು ದಾಟಬೇಕು. ನಡೆಯುವವರಿಗೂ ನಾಯಿಗಳಿಗೂ ಪಕ್ಕದ ಗೇಟು.

ಹೆಚ್ಚು ಯೋಚನೆಗೆ ಹಚ್ಚುವುದು ಸಮೀಪದ ಬೋ ವ್ಯಾಲಿ ಪಾರ್ಕ್‌ವೇ. 2022ರಲ್ಲಿ ಅದರ 17 ಕಿ.ಮೀ. ಭಾಗವನ್ನು ವಸಂತದಲ್ಲೂ ಸೆಪ್ಟೆಂಬರ್‌ನಲ್ಲೂ ಕಾರುಗಳಿಗೆ ಮುಚ್ಚಿ ಸೈಕಲ್ಲಿಗೆ ಬಿಟ್ಟುಕೊಡುವ ಪ್ರಯೋಗ ಆರಂಭವಾಯಿತು. ಆದರೆ ಮಾರ್ಚ್ 1ರಿಂದ ಜೂನ್ 25ರವರೆಗೆ ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಆ ಭಾಗದಲ್ಲಿ ಸೈಕಲ್ಲೂ ಇಲ್ಲ, ಪಾದಚಾರಿಯೂ ಇಲ್ಲ. ಹಿಮ ಮೊದಲು ಕರಗುವುದು ಕಣಿವೆಯ ತಗ್ಗಿನಲ್ಲಿ. ಕರಡಿ, ತೋಳಗಳು ಆಗ ಅಲ್ಲಿಗೇ ಇಳಿಯುತ್ತವೆ. ತಿರುವಿನಲ್ಲಿ ಸದ್ದಿಲ್ಲದೆ ರಭಸವಾಗಿ ಬರುವ ಸೈಕಲ್ ಕರಡಿಯನ್ನು ಬೆಚ್ಚಿಬೀಳಿಸೀತು. ನಾವು ಸೈಕಲ್ಲಿನ ಗುಣವೆಂದು ಹೊಗಳುವ ಮೌನವೇ ಅಲ್ಲಿ ಅಪಾಯ.

2009ರಲ್ಲಿ ಆರಂಭವಾಗಿ 2010ರಲ್ಲಿ ಹೈಕೋರ್ಟ್ ಎತ್ತಿಹಿಡಿದ ಬಂಡೀಪುರದ ರಾತ್ರಿ ಸಂಚಾರ ನಿಷೇಧ ನಮಗೆ ಹೊಸತಲ್ಲ. ಆದರೂ ಆ ಚರ್ಚೆಯುದ್ದಕ್ಕೂ ನಮ್ಮ ಕಣ್ಣಿಗೆ ಬಿದ್ದದ್ದು ಲಾರಿ, ಬಸ್ಸು, ಕಾರುಗಳೇ. ಎಂಜಿನ್ ಇಲ್ಲದ ಮನುಷ್ಯನೂ ಕಾಡಿನ ಪಾಲಿಗೆ ಅತಿಥಿಯೇ, ಕೆಲವೊಮ್ಮೆ ಕರೆಯದೆ ಬಂದ ಅತಿಥಿ ಎಂಬುದು ಆ ವಾಗ್ವಾದದಲ್ಲಿ ಮರೆಯಾಯಿತು.

ನಮ್ಮ ಗಿರಿಧಾಮಗಳಲ್ಲಿಯೂ ಸೈಕಲ್ ಪಥ ಬರಲಿ, ಸ್ವಾಗತ. ಹೊಸ ಹಾದಿ ಕಡಿಯುವ ಬದಲು ಇರುವ ರಸ್ತೆಯ ಅಂಚನ್ನೇ ಬಳಸಲಿ, ಮುಸ್ಸಂಜೆಗೆ ಮುಚ್ಚಲಿ. ಟೆಂಡರ್ ಕರೆಯುವ ಮೊದಲೇ, ಪ್ರಾಣಿಗಳು ಎಲ್ಲಿ ಯಾವಾಗ ದಾಟುತ್ತವೆಂದು ಅರಣ್ಯ ರಕ್ಷಕರನ್ನು ಕೇಳಲಿ.