ಊರುಗೋಲಿನ ಬೆಲೆ ಆದಾಯವಲ್ಲ

ನಡೆಯಲಾಗದವನಿಗೆ ಊರುಗೋಲು ಕೊಳ್ಳಲೆಂದು ಕೊಟ್ಟ ಹಣವನ್ನು ಅವನ ಸಂಪಾದನೆಯೆಂದು ಪರಿಗಣಿಸಬಹುದೇ? ಮೇಲ್ನೋಟಕ್ಕೆ ಇದು ಕಚೇರಿಯ ಗುಮಾಸ್ತನೊಬ್ಬ ಬಗೆಹರಿಸಬೇಕಾದ ಸಣ್ಣ ಪ್ರಶ್ನೆ. ಆದರೆ ಒಂದು ಸಮಾಜ ತನ್ನ ದುರ್ಬಲರನ್ನು ಹೇಗೆ ಕಾಣುತ್ತದೆ ಎಂಬುದು ಈ ಪ್ರಶ್ನೆಗೆ ಅದು ಕೊಡುವ ಉತ್ತರದಿಂದಲೇ ತಿಳಿದುಬರುತ್ತದೆ. ಮನೆ ಬಾಡಿಗೆ ಮತ್ತು ಸ್ಥಳೀಯ ತೆರಿಗೆಯ ವಿಷಯದಲ್ಲಿ ಬ್ರಿಟನ್ ಇದಕ್ಕೊಂದು ಉತ್ತಮ ಉತ್ತರವನ್ನು ಕಂಡುಕೊಂಡಿತ್ತು. ಆ ಉತ್ತರವನ್ನೂ ಅದರಿಂದ ಅಲ್ಲಿನ ಆಡಳಿತಗಾರರು ಹಿಂದೆ ಸರಿದ ಬಗೆಯನ್ನೂ ನಾವಿಲ್ಲಿ ಪರಿಶೀಲಿಸಬಯಸುತ್ತೇವೆ. ಯಾಕೆಂದರೆ ಝಕಾತ್ ಹಂಚುವ ನಮ್ಮ ಜಮಾಅತ್‌ಗಳಿಗೂ ಅದರಲ್ಲಿ ಪಾಠವಿದೆ.

ಬ್ರಿಟನ್ನಿನಲ್ಲಿ ಕಡಿಮೆ ಆದಾಯದವರಿಗೆ ಬಾಡಿಗೆ ಕಟ್ಟಲು ಸರಕಾರದ ನೆರವಿದೆ. ದೀರ್ಘ ಕಾಲದಿಂದ ಇದು ಹೌಸಿಂಗ್ ಬೆನಿಫಿಟ್ ಎಂಬ ಹೆಸರಿನಲ್ಲಿತ್ತು. ಈಗ ದುಡಿಯುವ ವಯಸ್ಸಿನವರ ಹೊಸ ಅರ್ಜಿಗಳು ಬಹುತೇಕ ಯೂನಿವರ್ಸಲ್ ಕ್ರೆಡಿಟ್ ಎಂಬ ಯೋಜನೆಗೆ ಹೋಗುತ್ತವೆ. ಪಿಂಚಣಿ ವಯಸ್ಸಿನವರಿಗೆ ಹಳೆಯ ಯೋಜನೆಯೇ ಮುಂದುವರಿದಿದೆ. ಎರಡನೆಯದು ಕೌನ್ಸಿಲ್ ತೆರಿಗೆ. ನಮ್ಮಲ್ಲಿ ಮನೆ ಕಂದಾಯ ಮಾಲಿಕನ ಹೊಣೆಯಾದರೆ ಅಲ್ಲಿ ಈ ತೆರಿಗೆ ಸಾಮಾನ್ಯವಾಗಿ ವಾಸವಿರುವ ಬಾಡಿಗೆದಾರನ ಮೇಲೆಯೇ ಬೀಳುತ್ತದೆ. ಬಡವರಿಗೆ ಇದರಲ್ಲೂ ರಿಯಾಯಿತಿ ಉಂಟು. ಇವೆರಡರ ಹೊರತಾಗಿ, ಅಂಗವೈಕಲ್ಯದಿಂದ ಬರುವ ಅಧಿಕ ಖರ್ಚಿಗೆಂದೇ ಪ್ರತ್ಯೇಕ ಭತ್ತೆಗಳಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರಿಗೆ 2013ರಲ್ಲಿ ಆರಂಭವಾದ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಪಿಂಚಣಿ ವಯಸ್ಸು ದಾಟಿದ ಮೇಲೆ ಪರರ ಆಸರೆ ಬೇಕಾದವರಿಗೆ ಅಟೆಂಡೆನ್ಸ್ ಅಲೋವೆನ್ಸ್.

ಬಾಡಿಗೆ ನೆರವನ್ನು ಲೆಕ್ಕ ಹಾಕುವಾಗ ಈ ಭತ್ತೆಗಳನ್ನು ಆದಾಯವೆಂದು ಎಣಿಸುವುದಿಲ್ಲ. ಅಲ್ಲಿನ ಕಾನೂನಿನ ಜೀವಾಳವೇ ಇದು. ಇದರ ಮಹತ್ವ ತಿಳಿಯಬೇಕಾದರೆ ಸ್ವಲ್ಪ ಗಣಿತ ಬೇಕು. ಹೌಸಿಂಗ್ ಬೆನಿಫಿಟ್‌ನಲ್ಲಿ ನಿಗದಿತ ಮಿತಿಗಿಂತ ಹೆಚ್ಚಾದ ಪ್ರತಿ 100 ಪೌಂಡ್ ಆದಾಯಕ್ಕೆ 65 ಪೌಂಡ್ ನೆರವು ಕಡಿತವಾಗುತ್ತದೆ. ಪಿಂಚಣಿ ವಯಸ್ಸಿನವರ ಕೌನ್ಸಿಲ್ ತೆರಿಗೆ ರಿಯಾಯಿತಿಯಲ್ಲಿ ಅದೇ 100 ಪೌಂಡಿಗೆ ಮತ್ತೆ 20 ಪೌಂಡ್ ಇಳಿಯುತ್ತದೆ. ಭತ್ತೆಯನ್ನೂ ಆದಾಯಕ್ಕೆ ಸೇರಿಸಿದ್ದರೆ, ಆರೈಕೆಗೆಂದು ಬಂದ 100 ಪೌಂಡಿನಲ್ಲಿ 85 ಪೌಂಡ್ ಮರಳಿ ಸರಕಾರದ ಬೊಕ್ಕಸ ಸೇರಿ, ಆ ವೃದ್ಧೆಯ ಕೈಯಲ್ಲಿ 15 ಪೌಂಡ್ ಉಳಿಯುತ್ತಿತ್ತು. ಅದನ್ನು ನೆರವೆಂದು ಕರೆಯುವುದೇ ಅಪಹಾಸ್ಯವಾಗುತ್ತಿತ್ತು.

ಅಷ್ಟೇ ಅಲ್ಲ, ಈ ಭತ್ತೆ ಬೇರೆ ಬಾಗಿಲುಗಳನ್ನೂ ತೆರೆಯುತ್ತದೆ. ನಮ್ಮ ಓದುಗರಿಗೆ ಪರಿಚಿತವಾದ ಕೂಡು ಕುಟುಂಬವನ್ನೇ ನೋಡಿ. ಹೆತ್ತವರೊಂದಿಗೆ ವಯಸ್ಕ ಮಗನಿದ್ದರೆ, ಅವನು ಬಾಡಿಗೆಗೆ ಪಾಲು ಕೊಡುತ್ತಾನೆಂದು ಊಹಿಸಿ ಹೆತ್ತವರ ನೆರವಿನಿಂದ ಒಂದು ಮೊತ್ತವನ್ನು ಕಡಿತಗೊಳಿಸುವುದು ಅಲ್ಲಿನ ಸಾಮಾನ್ಯ ನಿಯಮ. ಆದರೆ ಅರ್ಜಿದಾರರಾದ ತಂದೆ ಅಥವಾ ತಾಯಿ ಅಂಧರಾಗಿದ್ದರೆ, ಅಥವಾ ಅವರಿಗೆ ದೈನಂದಿನ ಆರೈಕೆಯ ಭತ್ತೆ ಬರುತ್ತಿದ್ದರೆ ಈ ಕಡಿತವಿಲ್ಲ. ಕುಟುಂಬವೊಂದು ಪಡೆಯಬಹುದಾದ ಒಟ್ಟು ಸರಕಾರಿ ನೆರವಿಗೆ 2013ರಲ್ಲಿ ವಿಧಿಸಿದ ಮಿತಿಯೂ ಈ ಭತ್ತೆ ಪಡೆಯುವ ಕುಟುಂಬಗಳಿಗೆ ಅನ್ವಯಿಸುವುದಿಲ್ಲ. ಹಳೆಯ ಯೋಜನೆಯಡಿ ಒಂಟಿಯಾಗಿ ವಾಸಿಸುವ ವೃದ್ಧರಿಗೆ ಭತ್ತೆಯಿದ್ದರೆ ಅವರ ಅಗತ್ಯದ ಮಿತಿಯನ್ನೇ ಏರಿಸಿ ಲೆಕ್ಕ ಹಾಕಲಾಗುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು. ಅವರನ್ನು ನೋಡಿಕೊಳ್ಳುವ ಮಗಳು ತನ್ನ ಹೆಸರಿನಲ್ಲಿ ಆರೈಕೆದಾರರ ಭತ್ತೆ ಪಡೆಯತೊಡಗಿದರೆ ಈ ಏರಿಕೆ ರದ್ದಾಗುತ್ತದೆ.

ಕೌನ್ಸಿಲ್ ತೆರಿಗೆಯಲ್ಲಿಯೂ ಬಡತನಕ್ಕೆ ಸಂಬಂಧಿಸದ ವಿನಾಯಿತಿಗಳಿವೆ. ಮನೆಯೊಳಗೆ ಗಾಲಿಕುರ್ಚಿ ಚಲಿಸಲು ಸ್ಥಳ ಬಿಡಬೇಕಾಗಿದ್ದರೆ, ಅಥವಾ ಅಂಗವಿಕಲರ ಅಗತ್ಯಕ್ಕೆ ಪ್ರತ್ಯೇಕ ಕೋಣೆಯೋ ಹೆಚ್ಚಿನ ಸ್ನಾನಗೃಹವೋ ಇದ್ದರೆ, ಆ ಮನೆಯ ತೆರಿಗೆಯನ್ನು ಒಂದು ಶ್ರೇಣಿ ಕೆಳಗಿಳಿಸಲಾಗುತ್ತದೆ. ಮರೆವಿನ ಕಾಯಿಲೆಯಂತಹ ತೀವ್ರ ಮಾನಸಿಕ ದೌರ್ಬಲ್ಯವಿರುವವರು ವೈದ್ಯರ ಪ್ರಮಾಣಪತ್ರ ಹಾಗೂ ಅರ್ಹತೆಯ ಭತ್ತೆ ಹೊಂದಿದ್ದರೆ ಅವರನ್ನು ತೆರಿಗೆಯ ಲೆಕ್ಕದಿಂದಲೇ ಹೊರಗಿಡಲಾಗುತ್ತದೆ. ಅಂಥವರೊಂದಿಗೆ ಇನ್ನೊಬ್ಬ ವಯಸ್ಕರು ಮಾತ್ರ ಇದ್ದರೆ ಆ ಮನೆಗೆ ಶೇ. 25 ರಿಯಾಯಿತಿ. ಅರ್ಜಿ ಹಾಕದಿದ್ದರೆ ಮಾತ್ರ ಇದಾವುದೂ ತಾನಾಗಿ ಬಾಗಿಲಿಗೆ ಬರುವುದಿಲ್ಲ. ಭತ್ತೆ ಕೇಳಿದರೆ ಬಾಡಿಗೆಯ ನೆರವು ನಿಂತುಹೋದೀತು ಎಂಬ ಭಯವೂ ಸರಕಾರದ ಮುಂದೆ ಕೈಚಾಚುವುದು ಅವಮಾನವೆಂಬ ಭಾವನೆಯೂ ಹಿರಿಯರನ್ನು ತಡೆಯಬಾರದು. ಭಯ ಲೆಕ್ಕ ತಿಳಿಯದ್ದರಿಂದ ಬಂದದ್ದು. ಇನ್ನು ಇದು ಭಿಕ್ಷೆಯಲ್ಲ, ಹಕ್ಕು. ಅಲ್ಲಿ ನೆಲೆಸಿದ ಬಂಧುಗಳಿರುವ ಕುಟುಂಬಗಳು ಅವರಿಗೆ ಈ ಮಾತು ತಲುಪಿಸಬೇಕು.

ತತ್ವ ಚೆನ್ನಾಗಿದೆ, ನಿಜ. ಆದರೆ ಖಜಾನೆ ಬರಿದಾದಾಗ ಆಡಳಿತಗಾರರ ಕಣ್ಣು ಮೊದಲು ಬೀಳುವುದು ಧ್ವನಿಯಿಲ್ಲದವರ ತಟ್ಟೆಯ ಮೇಲೆ. 2013ರ ಎಪ್ರಿಲ್‌ನಲ್ಲಿ, ಸಾರ್ವಜನಿಕ ವಸತಿಯಲ್ಲಿರುವ ದುಡಿಯುವ ವಯಸ್ಸಿನ ಬಾಡಿಗೆದಾರರ ಮನೆಯಲ್ಲಿ ಒಂದು ಮಲಗುವ ಕೋಣೆ ‘ಹೆಚ್ಚುವರಿ’ಯಾಗಿದ್ದರೆ ಶೇ. 14, ಎರಡು ಅಥವಾ ಹೆಚ್ಚಿದ್ದರೆ ಶೇ. 25ರಷ್ಟು ನೆರವಿನ ಕಡಿತ ಜಾರಿಗೆ ಬಂತು. ಕಾಯಿಲೆಯ ಕಾರಣ ಒಂದೇ ಕೋಣೆಯಲ್ಲಿ ಮಲಗಲಾಗದ ದಂಪತಿಗಳ ಎರಡನೇ ಕೋಣೆಯೂ, ಅಂಗವಿಕಲ ಮಗುವಿನ ರಾತ್ರಿಯ ಆರೈಕೆದಾರರು ಮಲಗುವ ಕೋಣೆಯೂ ‘ಹೆಚ್ಚುವರಿ’ ಎನಿಸಿದವು. ಇಂತಹ ಪ್ರಕರಣಗಳಲ್ಲಿ ಅದು ತಾರತಮ್ಯವೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಲು 2016ರ ನವೆಂಬರ್ ಬರಬೇಕಾಯಿತು. ನಿಯಮ ಬದಲಾದದ್ದು 2017ರಲ್ಲಿ.

ಬಾಡಿಗೆಯ ಕೊರತೆ ತುಂಬಲು ಸ್ಥಳೀಯ ಆಡಳಿತದ ವಿವೇಚನೆಗೆ ಬಿಟ್ಟ ನಿಧಿಯೊಂದಿತ್ತು. ಅದರಿಂದ ಯಾರಿಗೆ ಎಷ್ಟು ಕೊಡಬೇಕೆಂದು ತೀರ್ಮಾನಿಸುವಾಗ ಸ್ಯಾಂಡ್ವೆಲ್ ಕೌನ್ಸಿಲ್ ಅಂಗವೈಕಲ್ಯ ಭತ್ತೆಯ ಆರೈಕೆಯ ಭಾಗವನ್ನು ಆದಾಯವೆಂದು ಎಣಿಸಿತು. ಅಂದರೆ ಆರೈಕೆಯ ಹಣದಿಂದಲೇ ಬಾಡಿಗೆ ಕಟ್ಟಿಕೊಳ್ಳಿ ಎಂದಂತಾಯಿತು. 2015ರ ಮಾರ್ಚ್‌ನಲ್ಲಿ ಹೈಕೋರ್ಟು ಇದನ್ನು ಕಾನೂನುಬಾಹಿರ ತಾರತಮ್ಯವೆಂದು ತೀರ್ಪಿತ್ತಿತು. ಊರುಗೋಲಿನ ಬೆಲೆ ಆದಾಯವಲ್ಲ ಎಂಬ ಸರಳ ಸತ್ಯವನ್ನು ಸ್ಥಾಪಿಸಲು ನಿಶ್ಶಕ್ತರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು ಎಂಬುದೇ ವಿಪರ್ಯಾಸ.

ಕೌನ್ಸಿಲ್ ತೆರಿಗೆಯ ಕಥೆಯೂ ಭಿನ್ನವಲ್ಲ. ಅದರ ರಾಷ್ಟ್ರೀಯ ರಿಯಾಯಿತಿ ಯೋಜನೆಯನ್ನು 2013ರಲ್ಲಿ ರದ್ದುಗೊಳಿಸಿ, ಇಂಗ್ಲೆಂಡಿನಲ್ಲಿ ಹಣವನ್ನು ಶೇ. 10ರಷ್ಟು ಕಡಿಮೆ ಮಾಡಿ, ಹೊಣೆಯನ್ನು ಸ್ಥಳೀಯ ಕೌನ್ಸಿಲ್‌ಗಳಿಗೆ ವಹಿಸಲಾಯಿತು. ಪಿಂಚಣಿ ವಯಸ್ಸಿನವರಿಗೆ ರಾಷ್ಟ್ರೀಯ ನಿಯಮದ ರಕ್ಷಣೆ ಉಳಿಯಿತು. ಉಳಿದವರ ಹಣೆಬರಹ ಊರಿಂದ ಊರಿಗೆ ಬೇರೆಯಾಯಿತು. ಒಂದು ಕೌನ್ಸಿಲ್ ಅಂಗವಿಕಲರಿಗೆ ಪೂರ್ಣ ರಿಯಾಯಿತಿ ಕೊಟ್ಟರೆ ಪಕ್ಕದ ಕೌನ್ಸಿಲ್ ಅವರಿಂದಲೂ ತೆರಿಗೆಯ ಒಂದು ಪಾಲನ್ನು ವಸೂಲು ಮಾಡುತ್ತದೆ.

ಯೂನಿವರ್ಸಲ್ ಕ್ರೆಡಿಟ್ ಬಂದಾಗ, ಒಂಟಿಯಾಗಿ ಬದುಕುವ ತೀವ್ರ ಅಂಗವಿಕಲರಿಗೆ ಸಿಗುತ್ತಿದ್ದ ಹೆಚ್ಚುವರಿ ಮೊತ್ತವನ್ನೇ ಕೈಬಿಡಲಾಯಿತು. ಬೇರೊಂದು ಕೌನ್ಸಿಲ್ ವ್ಯಾಪ್ತಿಗೆ ಮನೆ ಬದಲಿಸಿದ ಒಂದೇ ಕಾರಣಕ್ಕೆ ಹೊಸ ಯೋಜನೆಗೆ ಸರಿದ ಇಬ್ಬರು ತಿಂಗಳಿಗೆ ಸುಮಾರು 180 ಪೌಂಡ್ ಕಳೆದುಕೊಂಡರು. 2018ರ ಜೂನ್‌ನಲ್ಲಿ ಹೈಕೋರ್ಟು ಇದನ್ನೂ ತಾರತಮ್ಯವೆಂದಿತು. 2025ರಲ್ಲಿ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್‌ನ ಅರ್ಹತೆಯನ್ನೇ ಬಿಗಿಗೊಳಿಸಲು ಸರಕಾರ ಹೊರಟು, ಸ್ವಪಕ್ಷೀಯ ಸಂಸದರ ವಿರೋಧಕ್ಕೆ ಮಣಿದು ಜುಲೈಯಲ್ಲಿ ಆ ಪ್ರಸ್ತಾಪವನ್ನು ಹಿಂದೆಗೆದುಕೊಂಡಿತು. ಅದು ಜಾರಿಯಾಗಿದ್ದರೆ ನಷ್ಟ ಭತ್ತೆಯೊಂದಕ್ಕೆ ಸೀಮಿತವಾಗುತ್ತಿರಲಿಲ್ಲ. ಆ ಭತ್ತೆಯನ್ನು ನೆಚ್ಚಿಕೊಂಡ ಬಾಡಿಗೆಯ ರಕ್ಷಣೆ, ತೆರಿಗೆಯ ರಿಯಾಯಿತಿ ಎಲ್ಲವೂ ಒಂದರ ಹಿಂದೊಂದರಂತೆ ಕುಸಿಯುತ್ತಿದ್ದವು.

ಇಸ್ಲಾಮ್ ಈ ವಿಷಯವನ್ನು ಹೇಗೆ ನೋಡುತ್ತದೆ? ಝಕಾತ್‌ನ ನಿಸಾಬನ್ನು ಲೆಕ್ಕ ಹಾಕುವಾಗ ವಾಸದ ಮನೆ, ಉಡುವ ಬಟ್ಟೆ, ವೃತ್ತಿಯ ಉಪಕರಣಗಳನ್ನು ಸೇರಿಸಬಾರದೆಂದು ಕರ್ಮಶಾಸ್ತ್ರಜ್ಞರು ಶತಮಾನಗಳ ಹಿಂದೆಯೇ ವಿವರಿಸಿದ್ದಾರೆ. ಬದುಕಲು ಅನಿವಾರ್ಯವಾದುದು ಸಂಪತ್ತಲ್ಲ ಎಂಬುದೇ ಅದರ ತಿರುಳು. ಹಾಗಿರುವಾಗ ಗಾಲಿಕುರ್ಚಿ, ಔಷಧ, ಆರೈಕೆಯ ಖರ್ಚು ಸಂಪತ್ತಾಗುವುದು ಹೇಗೆ? ಅಂಧರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರ ನಿಮಿತ್ತ ‘ಅಬಸ’ ಅಧ್ಯಾಯ ಅವತೀರ್ಣವಾಯಿತು. ಪ್ರವಾದಿ(ಸ)ಯವರು ಮದೀನಾದಿಂದ ಹೊರಗೆ ಹೋದಾಗ ಅದರ ಹೊಣೆಯನ್ನು ಅವರಿಗೆ ವಹಿಸಿದ್ದೂ ಉಂಟು. ಅಂಗವಿಕಲರು ಕರುಣೆಯ ಪಾತ್ರಗಳಷ್ಟೇ ಅಲ್ಲ, ಸಮಾಜದ ಸಮಾನ ಸದಸ್ಯರು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಈಗ ನಮ್ಮ ಊರುಗಳ ಕಡೆ ತಿರುಗೋಣ. ಬಾಡಿಗೆ ಬಾಕಿಯಿಂದ ಕಂಗೆಟ್ಟ ಅಂಗವಿಕಲನೊಬ್ಬ ಮಸೀದಿಯ ಬೈತುಲ್ ಮಾಲ್‌ಗೆ ಅರ್ಜಿ ಕೊಟ್ಟರೆ ನಾವೇನು ಮಾಡಬೇಕು? ‘ಅವನಿಗೆ ಸರಕಾರದ ಪಿಂಚಣಿ ಬರುತ್ತದಲ್ಲ’ ಎಂದು ಅರ್ಜಿಯನ್ನು ಬದಿಗಿಟ್ಟರೆ ನಾವೂ ಸ್ಯಾಂಡ್ವೆಲ್ ಕೌನ್ಸಿಲ್ ಮಾಡಿದ್ದನ್ನೇ ಮಾಡಿದಂತಾಗುತ್ತದೆ. ಆ ಪಿಂಚಣಿಯಾದರೂ ಎಷ್ಟು? ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯಲ್ಲಿ 2012ರಲ್ಲಿ ನಿಗದಿಯಾದ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಅದೂ ಬಡತನ ರೇಖೆಯ ಕೆಳಗಿದ್ದು ಶೇ. 80ರಷ್ಟು ವೈಕಲ್ಯವಿರುವವರಿಗೆ ಮಾತ್ರ. ರಾಜ್ಯಗಳು ತಮ್ಮ ಪಾಲನ್ನು ಸೇರಿಸಿದರೂ ಅದರಿಂದ ಬಾಡಿಗೆಯೂ ಔಷಧವೂ ಒಟ್ಟಿಗೆ ನಿಭಾಯಿಸಲಾಗದು. ಇತರರಿಗಿರುವ ಇಂತಹ ಯೋಜನೆಗಳಿಗಿಂತ ಅಂಗವಿಕಲರ ನೆರವು ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅಂಗವೈಕಲ್ಯಕ್ಕೆ ತನ್ನದೇ ಆದ ಖರ್ಚಿದೆ ಎಂಬುದನ್ನು ನಮ್ಮ ಕಾನೂನೂ ಒಪ್ಪಿದೆ ಎಂದರ್ಥ.

ಆದ್ದರಿಂದ ಜಮಾಅತ್ ಸಮಿತಿಗಳು ತಮ್ಮ ಅರ್ಜಿ ನಮೂನೆಯಲ್ಲಿ ಒಂದು ಸಾಲನ್ನು ಬದಲಿಸಲಿ ಎಂಬುದು ನಮ್ಮ ಸಲಹೆ. ಆದಾಯದ ಅಂಕಣದಿಂದ ಅಂಗವೈಕಲ್ಯ ಪಿಂಚಣಿಯನ್ನು ತೆಗೆದುಹಾಕಲಿ. ಖರ್ಚಿನ ಅಂಕಣದಲ್ಲಿ ಔಷಧ, ಆರೈಕೆ, ಪ್ರಯಾಣದ ವೆಚ್ಚವನ್ನು ಬರೆಸಿಕೊಳ್ಳಲಿ. ಪಿಂಚಣಿ ಸಿಗದವರಿಗೆ ಅರ್ಜಿ ತುಂಬಿಸಿಕೊಡುವ ಕೆಲಸವನ್ನು ಯುವಕರು ವಹಿಸಿಕೊಳ್ಳಲಿ. ಸರಕಾರ ಕೊಡುವುದು ಅದರ ಹೊಣೆ, ನಾವು ಕೊಡುವುದು ನಮ್ಮ ಹೊಣೆ. ಒಂದನ್ನು ತೋರಿಸಿ ಇನ್ನೊಂದರಿಂದ ನುಣುಚಿಕೊಂಡರೆ ಅಲ್ಲಾಹನ ಸನ್ನಿಧಿಯಲ್ಲಿ ಆ ಲೆಕ್ಕ ಒಪ್ಪಿತವಾಗದು.