ಬಕೆಟ್ಟು, ಪೊರಕೆ, ಬರಿಗೈ

2017ರ ಜನವರಿ 28ರ ಬೆಳಗಿನ ಜಾವ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದು ತೈಲ ಸಮುದ್ರಕ್ಕೆ ಚೆಲ್ಲಿತು. ಚೆಲ್ಲಿದ ತೈಲವನ್ನು ಸುತ್ತುಗಟ್ಟುವ ತೇಲುಬೇಲಿ, ನೀರಿನ ಮೇಲಿಂದ ಅದನ್ನು ಸೆಳೆಯುವ ಯಂತ್ರ, ಇವೆಲ್ಲ ಲೋಕಕ್ಕೆ ಬಂದು ಎಷ್ಟೋ ಕಾಲವಾಗಿದೆ. ಆದರೆ ದಡದಲ್ಲಿ ಜನ ಕಂಡದ್ದೇನು? ಮೀನುಗಾರರೂ ವಿದ್ಯಾರ್ಥಿಗಳೂ ಸಾಲುಗಟ್ಟಿ ನಿಂತು ಕರಿಕೆಸರನ್ನು ಬಕೆಟ್ಟಿನಲ್ಲಿ ಮೊಗೆಯುತ್ತಿದ್ದರು. 2023ರ ಡಿಸೆಂಬರಿನಲ್ಲಿ ಅದೇ ಎಣ್ಣೂರಿನ ಅಳಿವೆಗೆ ಮತ್ತೆ ತೈಲ ಹರಿಯಿತು. ಮತ್ತೆ ಮೀನುಗಾರರೇ ದೋಣಿಯಲ್ಲಿ ಕೂತು ಕೈಯಾರೆ ಬಳಿದರು.

ಸಮುದ್ರದ ಮಾತು ನಮಗೇಕೆ ಎನ್ನಬೇಡಿ. ಗಿರಣಿಯ ಬಣ್ಣದ ಖಾತೆಯಲ್ಲಿ ಕಾಸ್ಟಿಕ್ ಸೋಡಾ, ಗಂಧಕಾಮ್ಲ, ಬ್ಲೀಚಿಂಗ್ ದ್ರಾವಣಗಳ ನಡುವೆ ನಿಂತು ದುಡಿಯುವವರು ನಾವೇ. ಡ್ರಮ್ಮು ಸೋರಿದರೆ ಬರುವ ಅಪ್ಪಣೆ ಒಂದೇ: "ನೀರು ಹೊಯ್ದು ಗುಡಿಸಿಬಿಡಿ!" ಹೊಯ್ದ ನೀರು ವಿಷವನ್ನು ಮೋರಿಗೆ ಒಯ್ಯುತ್ತದೆ, ಮೋರಿ ನಮ್ಮ ಕೇರಿಗೆ ಒಯ್ಯುತ್ತದೆ. ಬ್ಲೀಚಿಂಗ್ ದ್ರಾವಣಕ್ಕೆ ಆಮ್ಲ ಸೇರಿದರೆ ಉಸಿರು ಕಟ್ಟಿಸುವ ಕ್ಲೋರೀನ್ ಏಳುತ್ತದೆ. ನೈಟ್ರಿಕ್ ಆಮ್ಲದ ಮೇಲೆ ಮರದ ಹೊಟ್ಟು ಸುರಿದರೆ ಬೆಂಕಿಯೇ ಹತ್ತಬಹುದು.

ಬೇಕಾದದ್ದು ಮಹಾ ಯಂತ್ರವೇನಲ್ಲ. ತೊಟ್ಟಿಗಳ ಸುತ್ತ ಒಂದು ಕಟ್ಟೆ. ಅದು ಅತಿ ದೊಡ್ಡ ತೊಟ್ಟಿಯ ಸರಕಿಗಿಂತ ಹತ್ತರಲ್ಲಿ ಒಂದು ಪಾಲು ಹೆಚ್ಚು ಹಿಡಿಯುವಂತಿರಬೇಕು. ಡ್ರಮ್ಮುಗಳ ಕೆಳಗೆ ತಟ್ಟೆ, ಮೋರಿಯ ಬಾಯಿಗೆ ಮುಚ್ಚಳ, ಒಣ ಮರಳು, ರಬ್ಬರು ಕೈಚೀಲ, ಕಣ್ಣಿಗೆ ಕನ್ನಡಕ, ಮುಖ ತೊಳೆಯಲು ಧಾರಾಳ ನೀರು. ಇವು ಬೀಗದ ಕೋಣೆಯಲ್ಲಿರದೆ ಕೈಗೆಟುಕುವಲ್ಲಿ ಇರಬೇಕು. ಬಳಸುವುದನ್ನು ಪ್ರತಿ ಪಾಳಿಗೂ ಕಲಿಸಿರಬೇಕು.

ಖರ್ಚು ಯಾರದು? 1985ರ ಡಿಸೆಂಬರಿನಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಆಮ್ಲ ಸೋರಿತು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1986ರಲ್ಲೇ ಹೇಳಿದೆ: ಅಪಾಯದ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿಗೆ ಪೂರ್ತಿ ಹೊಣೆ ಅವನದೇ. ಹಾನಿಯ ಹೊಣೆ ಮಾಲೀಕರದಾದರೆ, ಹಾನಿ ತಡೆಯುವ ಮರಳಿನ ಹೊಣೆಯೂ ಅವರದಲ್ಲವೇ?

ವ್ಯಾಪಾರಿ ಬಂಧುಗಳಿಗೂ ಒಂದು ಮಾತು: ಅಂಗಡಿಯಲ್ಲಿ ಆಮ್ಲವನ್ನೂ ಬ್ಲೀಚನ್ನೂ ಒಂದೇ ಹಲಗೆಯ ಮೇಲೆ ಇಡಬೇಡಿ. ಕಾರ್ಮಿಕ ಬಂಧುಗಳೇ, ನಾಳೆ ಪಾಳಿಗೆ ಹೋದಾಗ ಮರಳಿನ ಪೆಟ್ಟಿಗೆ ಎಲ್ಲಿದೆಯೆಂದು ಒಮ್ಮೆ ಹುಡುಕಿರಿ. ಸಿಗದಿದ್ದರೆ ಒಬ್ಬೊಬ್ಬರಾಗಿ ಗೊಣಗದೆ ಸಂಘದ ಮೂಲಕ ಬರೆದು ಕೇಳಿರಿ. ಡ್ರಮ್ಮು ಒಡೆದ ಮೇಲೆ ಕೇಳಲು ಹೊತ್ತಿರುವುದಿಲ್ಲ.